ಬಸ್ಸಿನ ತನಕ ಯಾರೂ ನೋಡಲಿಲ್ಲ

ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ವಧೂವರರನ್ನು ನೋಡಲಿಕ್ಕೆಂದು ಹಾಕಿಸುತ್ತೇವೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ನಾನಂತೂ ನೋಡುತ್ತಿದ್ದುದು ನನ್ನನ್ನೇ. ಅಕ್ಷತೆ ಹಾಕುವಾಗ ಯಾರದೋ ತಲೆಯ ಪಟಗದ ಹಿಂದೆ ಅರ್ಧ ಕಂಡ ನನ್ನ ಬೋಳುತಲೆ, ಪಂಕ್ತಿಯಲ್ಲಿ ಶಿರಾ ಬಾಯಿಗಿಡುವ ಹೊತ್ತಿಗೆ ಕ್ಯಾಮೆರಾ ಬಂತೆಂದು ಕೈ ಅಲ್ಲೇ ನಿಲ್ಲಿಸಿಕೊಂಡು ಕೂತ ನನ್ನ ಗಾಂಭೀರ್ಯ, ಇಷ್ಟು ಬಂದು ಹೋದರೆ ಸಾಕು, ಮುಂದಿನ ಮದುವೆ ಆದರೇನು ಬಿಟ್ಟರೇನು. ನಮ್ಮ ನಿಪ್ಪಾಣಿ, ಚಿಕ್ಕೋಡಿ ಸೀಮೆಯಲ್ಲಿ ಎಲ್ಲರೂ ಹಾಗೇ ಇದ್ದರು. ಮದುವೆಯಾದ ತಿಂಗಳಿಗೆ ಟೀವಿ ಮುಂದೆ ಜಮಖಾನೆ ಹಾಸಿ ಓಣಿಯನ್ನೆಲ್ಲ ಕರೆಯುತ್ತಿದ್ದರು. ಅವರವರ ಮುಖ ಬಂದಾಗ ಒಂದು ಕೂಗು, ಮುಖ ಹೋದ ಮೇಲೆ ಎದ್ದು ಹೊರಗೆ ಕಟ್ಟೆಯ ಮೇಲೆ ಎಲೆ ಅಡಿಕೆ. ಹೆಣ್ಣು ಒಪ್ಪಿಸಿಕೊಡುವ ದೃಶ್ಯ ಬರುವ ಹೊತ್ತಿಗೆ ಜಮಖಾನೆಯ ಮೇಲೆ ಮದುಮಗಳ ತಾಯಿ ಒಬ್ಬಳೇ ಉಳಿದಿರುತ್ತಿದ್ದಳು. ಇದನ್ನು ನಾನು ಬಹಳ ದಿನ ನಗೆಯ ಸಂಗತಿ ಎಂದೇ ತಿಳಿದಿದ್ದೆ.

ತೊಂಬತ್ತರ ದಶಕ ಆಗತಾನೆ ಶುರುವಾಗಿತ್ತು. ನಾನು ಅಕ್ಕೋಳದಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಬೆಳಗಾವಿಯಲ್ಲಿ ನಡೆದ ಒಂದು ತರಬೇತಿಯಲ್ಲಿ ಯಾರೋ ದೊಡ್ಡವರು, ಮಕ್ಕಳು ಕಥೆಯನ್ನು ಬರೆದರೆ ಸಾಲದು, ಕ್ಯಾಮೆರಾದಿಂದ ಹೇಳಲಿಕ್ಕೂ ಕಲಿಯಬೇಕು ಎಂದು ಭಾಷಣ ಮಾಡಿದ್ದರು. ಊಟದ ನಂತರದ ಭಾಷಣವಾದ್ದರಿಂದ ಎಚ್ಚರವಿದ್ದವನು ನಾನೊಬ್ಬನೇ ಇರಬೇಕು. ಆ ಹುಚ್ಚನ್ನು ನೆಟ್ಟಗೆ ಅಕ್ಕೋಳಕ್ಕೆ ತಂದೆ. ಕ್ಯಾಮೆರಾ ಎಲ್ಲಿಂದ? ನಿಪ್ಪಾಣಿಯಲ್ಲಿ ಮದುವೆ ಶೂಟಿಂಗ್ ಮಾಡುವ ಸಲೀಂಭಾಯಿ ನನ್ನ ಗೆಳೆಯ. ಆಷಾಢ ಬಂದಿತ್ತು, ಮದುವೆಗಳಿರಲಿಲ್ಲ. "ಖಾಲಿ ಇಟ್ರ ಮಷೀನಿಗೆ ಬೂಜು ಹಿಡಿತೈತ್ರಿ ಸರ್, ಹುಡುಗೂರ ಕಥೀನ ತಗಿಯೂಣು ಬರ್ರಿ" ಎಂದ.

ಕಥೆ ಹೇಗಿರಬೇಕು ಎಂದು ಕಲಿಸುವ ಭಾರ ನನ್ನದು. ನನಗೆ ಸಿನಿಮಾದ ಶಾಸ್ತ್ರ ಗೊತ್ತಿಲ್ಲ. ಆದರೆ ಹಳೆಗನ್ನಡದವನಾದ್ದರಿಂದ ವೀರಗಲ್ಲು ಗೊತ್ತು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ವೀರ ಕಾದುತ್ತಿರುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ಮೇಲಿನದರಲ್ಲಿ ಅವನು ಕೈಲಾಸ ಸೇರಿರುತ್ತಾನೆ. ಒಂದು ಬದುಕಿಗೆ ಮೂರೇ ಚಿತ್ರ. "ನೀವೂ ಇಷ್ಟರಲ್ಲೇ ಹೇಳಿ" ಎಂದು ತರಗತಿಯಲ್ಲಿ ಕೈ ಬೀಸಿ ಹೇಳಿದೆ. ಆ ಹೋಲಿಕೆ ನನಗೆ ಎಷ್ಟು ಹಿಡಿಸಿತೆಂದರೆ, ಮನೆಗೆ ಬಂದು ಹೆಂಡತಿಗೂ ಹೇಳಿದೆ. ಆಕೆ ಬೇಳೆ ಆರಿಸುತ್ತ, "ಕಲ್ಲಿಗೆ ಎಣ್ಣಿ ಹಚ್ಚಾವ್ರು ಕೆಳಗಷ್ಟ ಹಚ್ಚಿ ಹೋಗ್ತಾರ. ಮ್ಯಾಗ ಯಾರ ಕೈ ಮುಟ್ಟತೈತಿ?" ಎಂದಳು. ಇಂಥ ಮಾತಿಗೆಲ್ಲ ನಾನು ಕಿವಿಗೊಡುವ ಕಾಲವಲ್ಲ ಅದು.

ಮಕ್ಕಳು ಬರೆದು ತಂದ ಕಥೆಗಳಲ್ಲಿ ದೆವ್ವಗಳೇ ಬಹಳ. ಸುನಂದಾಳದು ಮಾತ್ರ ಬೇರೆ. ಆಕೆ ತಂಬಾಕಿನ ಹೊಲವಿದ್ದ ಬಾಳಗೌಡರ ಮಗಳು, ಎರಡನೆಯ ಪಿಯುಸಿ. ಅವಳ ಕಥೆ ಇಷ್ಟೇ: ಒಬ್ಬ ಹುಡುಗಿ ನಸುಕಿನಲ್ಲಿ ಏಳುತ್ತಾಳೆ, ನೀರು ತರುತ್ತಾಳೆ, ಎಮ್ಮೆ ಹಿಂಡುತ್ತಾಳೆ, ರೊಟ್ಟಿ ಬಡಿಯುತ್ತಾಳೆ. ಆಮೇಲೆ ಪುಸ್ತಕ ಅವುಚಿಕೊಂಡು ಓಡುತ್ತಾಳೆ. ಕೊನೆಗೆ ನಿಪ್ಪಾಣಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿರುತ್ತಾಳೆ. ಪಿಯುಸಿ ಮುಗಿದ ಮೇಲೆ ಸುನಂದಾ ಡಿಗ್ರಿ ಓದಲು ನಿಪ್ಪಾಣಿಗೆ ಹೋಗಬೇಕು ಎಂದುಕೊಂಡಿದ್ದಳು. ಬಾಳಗೌಡರು ಹೌದೂ ಅಂದಿರಲಿಲ್ಲ, ಅಲ್ಲವೂ ಅಂದಿರಲಿಲ್ಲ. ಎದುರು ನಿಂತು ಕೇಳುವ ಧೈರ್ಯ ಅವಳಿಗಿರಲಿಲ್ಲ. "ಅಪ್ಪಾಜಿ ಇದನ್ನ ನೋಡಿದ್ರ ತಿಳಕೋತಾರಲ್ರಿ ಸರ್?" ಎಂದು ಕೇಳಿದಳು. ತಿಳಿಯದೆ ಏನು, ಕಲ್ಲಿನಲ್ಲಿ ಕೆತ್ತಿದ ಹಾಗಿದೆ ಎಂದೆ.

ಶೂಟಿಂಗಿನ ದಿನ ಸಲೀಂಭಾಯಿ ಮೊದಲು ತಗಾದೆ ತೆಗೆದದ್ದು ಸುನಂದಾಳ ಲಂಗದ ಬಗ್ಗೆ. "ಕ್ಯಾಮೆರಾ ಮುಂದ ಹಳೇ ಬಟ್ಟಿ ಬ್ಯಾಡ್ರಿ, ನನ್ನ ಹೆಸರು ಕೆಡ್ತೈತಿ." ಅವಳ ತಾಯಿಗೂ ಅದೇ ಬೇಕಾಗಿತ್ತು. ಟ್ರಂಕಿನಿಂದ ರೇಶಿಮೆ ಸೀರೆ ಬಂತು, ಬೋರಮಾಳ ಸರ ಬಂತು, ತಲೆಗೆ ಅಬ್ಬಲಿಗೆ ಬಂತು. ಹೀಗೆ ನಮ್ಮ ಬಡಪಾಯಿ ನಾಯಕಿ ರೇಶಿಮೆ ಉಟ್ಟು ಎಮ್ಮೆ ಹಿಂಡಿದಳು. ನೀರಿನ ದೃಶ್ಯಕ್ಕೆ ಇಡೀ ಓಣಿ ಹೊಸ ಬಟ್ಟೆ ಹಾಕಿಕೊಂಡು ಬಂದು, ಫೋಟೋಕ್ಕೆ ನಿಂತಂತೆ ಕೈ ಕೆಳಗೆ ಬಿಟ್ಟು, ಉಸಿರು ಹಿಡಿದು ನಿಂತಿತು. ಅಲುಗಾಡಬಹುದು ಎಂದು ಎಷ್ಟು ಹೇಳಿದರೂ ಯಾರೂ ಅಲುಗಾಡಲಿಲ್ಲ. ಇದ್ದುದರಲ್ಲಿ ಸಹಜವಾಗಿ ನಟಿಸಿದ್ದು ಎಮ್ಮೆ ಮಾತ್ರ.

ಕೊಲ್ಲಾಪುರದಲ್ಲಿ ಮಿಕ್ಸಿಂಗ್ ಆಗಿ ಕ್ಯಾಸೆಟ್ಟು ಬಂತು. ಅಲ್ಲಿಯವರಿಗೆ ಗೊತ್ತಿದ್ದುದು ಮದುವೆಯ ಮಿಕ್ಸಿಂಗ್ ಒಂದೇ. ಹಿನ್ನೆಲೆಗೆ ಶಹನಾಯಿ. ರೊಟ್ಟಿ ಉಬ್ಬಿದ ಕೂಡಲೇ ನಾಲ್ಕು ಮೂಲೆಯಿಂದ ಗುಲಾಬಿ ದಳ ಉದುರುತ್ತಿತ್ತು. ಹಾಲು ಹಿಂಡುವ ಸುನಂದಾಳ ಮುಖ ಒಂದು ಹೃದಯದ ಆಕಾರದೊಳಗೆ ಮೂಡಿ ಗಿರಗಿರ ತಿರುಗುತ್ತಿತ್ತು. ಬಸ್ಸಿನ ದೃಶ್ಯಕ್ಕೆ ಮಾತ್ರ ಯಾವ ಅಲಂಕಾರವನ್ನೂ ಮಾಡಿರಲಿಲ್ಲ. ಬಸ್ಸಿಗೆ ಏನು ಹಾಕಬೇಕೆಂದು ಅವರಿಗೆ ತಿಳಿದಿರಲಿಕ್ಕಿಲ್ಲ. ಅದಕ್ಕೇ ಅದೊಂದು ಬಹಳ ಚೆನ್ನಾಗಿತ್ತು. ಕಿಟಕಿಯ ಸರಳು ಹಿಡಿದ ಕೈ, ಗಾಳಿಗೆ ಹಾರುವ ಕೂದಲು, ಹಿಂದೆ ಸರಿಯುವ ಊರು. ಸುನಂದಾ ಅಲ್ಲಿ ನಟಿಸಿರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಅದು ನನಗೆ ಕಾಣುತ್ತದೆ.

ಬಾಳಗೌಡರ ಪಡಸಾಲೆಯಲ್ಲೇ ಒಂದು ಸಂಜೆ ಕ್ಯಾಸೆಟ್ಟು ಹಾಕಿದೆವು. ಓಣಿ ಸೇರಿತು. ನೀರಿನ ದೃಶ್ಯ ಬಂದಾಗ ಒಂದೇ ಗದ್ದಲ. "ಏ ಹಿಂದ ತಗೀರಿ, ನಮ್ಮವ್ವ ಬಂದಿದ್ಲು!" ಹಿಂದೆ ತೆಗೆದೆವು. ಎಮ್ಮೆಯ ಪಾಲಿಗೆ ಇನ್ನೊಮ್ಮೆ. ರೊಟ್ಟಿಗೆ ಮತ್ತೊಮ್ಮೆ, ಏಕೆಂದರೆ ಒಲೆಯ ಹಿಂದೆ ಸೋದರತ್ತೆ ಕಾಣುತ್ತಿದ್ದಳು. ರೊಟ್ಟಿ ಮುಗಿದ ಮೇಲೆ ಪರದೆಯ ಮೇಲೆ ಊರಿನವರು ಯಾರೂ ಉಳಿದಿರಲಿಲ್ಲ, ಸುನಂದಾ ಒಬ್ಬಳೇ ಓಡುತ್ತಿದ್ದಳು. ಜನ ಎದ್ದರು. ಚಪ್ಪಲಿ ಹುಡುಕುವ ಸಪ್ಪಳದಲ್ಲಿ ಬಸ್ಸು ಬಂತು, ಹೋಯಿತು. ಬಾಳಗೌಡರು ಅಷ್ಟು ಹೊತ್ತಿಗೆ ಹೊರಗೆ ಕಟ್ಟೆಯ ಮೇಲೆ ಮೈದುನನ ಜೊತೆ ಎಲೆ ಮಡಿಚುತ್ತಿದ್ದರು. ಜಮಖಾನೆಯ ಮೇಲೆ ಉಳಿದವರು ಸುನಂದಾ ಮತ್ತು ನಾನು. ಅವಳು ಟೀವಿಯನ್ನು ನೋಡುತ್ತಿರಲಿಲ್ಲ, ಬಾಗಿಲನ್ನು ನೋಡುತ್ತಿದ್ದಳು.

ಮೈದುನ ಕ್ಯಾಸೆಟ್ಟು ಕೇಳಿ ಇಸಕೊಂಡು ಹೋದ. ವಾರ ಕಳೆದ ಮೇಲೆ ತಿಳಿಯಿತು, ಅದು ಕೃಷ್ಣೆಯ ದಂಡೆಯ ಜುಗೂಳಕ್ಕೆ ಹೋಗಿತ್ತು. ಅಲ್ಲಿ ಕಬ್ಬಿನ ಹೊಲದವರ ಮನೆಯಲ್ಲಿ ಒಂದು ವರ ಇತ್ತು. ಗಂಡಿನ ಕಡೆಯವರು ನೀರಿನಿಂದ ರೊಟ್ಟಿಯ ತನಕ ನೋಡಿದರು. ರೇಶಿಮೆ ಉಟ್ಟೂ ಎಮ್ಮೆ ಹಿಂಡುವ ಹುಡುಗಿ, ಅದೂ ಗುಲಾಬಿ ದಳದ ನಡುವೆ! ಅಲ್ಲಿಗೇ ಕ್ಯಾಸೆಟ್ಟು ನಿಲ್ಲಿಸಿ ಒಪ್ಪಿಗೆ ಹೇಳಿ ಕಳಿಸಿದರು.

ನಾನು ಬಾಳಗೌಡರ ಮನೆಗೆ ಓಡಿದೆ. ಅವರು ಸಿಟ್ಟಿನ ಮನುಷ್ಯರಲ್ಲ, ಮಗಳನ್ನು ಕಂಡರೆ ಪ್ರಾಣ. ಚಹಾ ತರಿಸಿ, "ನಿಮ್ಮ ಉಪಕಾರ ಮರಿಯಂಗಿಲ್ರಿ ಸರ್. ಹುಡುಗೀನ ನಾಕ ಮಂದಿ ಮುಂದ ಕುಂಡ್ರಸೂದ ತಪ್ತು" ಎಂದರು.

"ಗೌಡ್ರ, ನೀವು ಅದನ್ನ ಕೊನೀತನಕ ನೋಡಿದ್ರೇನ್ರಿ?"

"ಕೊನಿಗೇನೈತ್ರಿ, ಬಸ್ಸು. ಬಸ್ ನಾವು ದಿನಾ ನೋಡ್ತೀವಲ್ರಿ."

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಡಿಗ್ರಿ, ಜಾಣೆ, ಮೂರು ವರ್ಷ ತಡೆಯಿರಿ, ಎಲ್ಲವನ್ನೂ. ಅವರು ತಾಳ್ಮೆಯಿಂದ ಕೇಳಿ, "ಮಾತು ಕೊಟ್ಟ ಬಿಟ್ಟೇನ್ರಿ" ಎಂದರು. ಒಳಬಾಗಿಲಲ್ಲಿ ಸುನಂದಾ ಚಹಾದ ಕಪ್ಪುಬಸಿ ಹಿಡಿದು ನಿಂತಿದ್ದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ವ್ಯಥೆ ಉಳಿಯುತ್ತಿರಲಿಲ್ಲವೇನೋ. ಪರೀಕ್ಷೆ ಮುಗಿಸಿ ಬೇಸಿಗೆಯಲ್ಲಿ ಮದುವೆಯಾಯಿತು. ಶೂಟಿಂಗ್ ಸಲೀಂಭಾಯಿಯದೇ. ಅದೇ ಶಹನಾಯಿ, ಅದೇ ಗುಲಾಬಿ. ಆ ಕ್ಯಾಸೆಟ್ಟನ್ನು ನಾನು ನೋಡಲು ಹೋಗಲಿಲ್ಲ, ನನ್ನ ಮುಖ ಅದರಲ್ಲಿ ಹೇಗಿತ್ತೋ ಗೊತ್ತಿಲ್ಲ.

ಆಮೇಲೆ ಅವಳನ್ನು ಕಂಡದ್ದು ಒಮ್ಮೆ, ಹಾರೂಗೇರಿಯ ಬಸ್ ನಿಲ್ದಾಣದಲ್ಲಿ. ದಶಕ ಮುಗಿಯುತ್ತ ಬಂದಿತ್ತು. ತುಸು ಮೈ ತುಂಬಿಕೊಂಡಿದ್ದಳು, ಕೈ ಹಿಡಿದು ಒಬ್ಬ ಪುಟ್ಟ ಮಗಳು. ಮನೆಯವರು ಒಳ್ಳೆಯವರು, ಏನೂ ಕೊರತೆಯಿಲ್ಲ ಎಂದಳು. ಸುಳ್ಳು ಹೇಳುತ್ತಿರಲಿಲ್ಲ. ಅದು ಗೊತ್ತಾಗಿಯೂ ನನಗೆ ಹಗುರಾಗಲಿಲ್ಲ. ಮೇಷ್ಟ್ರುಗಳು ಕೇಳುವ ಪ್ರಶ್ನೆಯನ್ನೇ ಕೇಳಿದೆ. "ಮಗಳು ಸಾಲಿಗೆ ಹೊಂಟಾಳೇನವಾ?"

"ಹೂನ್ರಿ ಸರ್. ಕಥಿ ಭಾಳ ಹೇಳ್ತಾಳ್ರಿ. ಒಂದ ಊರಾಗ ಒಬ್ಬಾಕಿ ಇದ್ಲು, ನೀರ ತಂದ್ಲು, ಕಸಾ ಹೊಡದ್ಲು ಅಂತ ಹಿಂಗ ಶುರು ಮಾಡತಿದ್ಲು." ಸುನಂದಾ ಮಗಳ ತಲೆಯ ಮೇಲೆ ಕೈಯಾಡಿಸಿ ನಕ್ಕಳು. "ನಾ ಹೇಳಿಬಿಟ್ಟೇನ್ರಿ, ಮೊದಲ ಆಕೀನ ಬಸ್ ಹತ್ತಸವಾ, ಎಮ್ಮಿ ಆಮ್ಯಾಲ ಹಿಂಡತಾಳ ಅಂತ."