ಕಡಲಿಗೆ ಬೆನ್ನು ಹಾಕಿ ಕೂತ ಅತ್ತೆ

ಪಕ್ಕದ ಮನೆಗೆ ಹೋದ ತಿಂಗಳು ಮಂಗಳೂರು ಕಡೆಯವರು ಬಾಡಿಗೆಗೆ ಬಂದಿದ್ದಾರೆ. ಈವತ್ತು ಬೆಳಿಗ್ಗೆ ಅವರ ಅಡುಗೆಮನೆಯಿಂದ ಕುಚ್ಚಲಕ್ಕಿ ಬೇಯುವ ವಾಸನೆ ಬಂತು. ಹಾಸನದ ನಮ್ಮ ಬೀದಿಯಲ್ಲಿ ಮುದ್ದೆಯ ವಾಸನೆ ಬಂದರೆ ಸರಿ, ಇದು ಇಲ್ಲಿಯದಲ್ಲ. ಬಟ್ಟೆ ಹರವುತ್ತಿದ್ದವಳು ಹಾಗೇ ನಿಂತೆ. ನೀವು ಏನೇ ಅನ್ನಿ, ಮೂಗಿಗಿರುವಷ್ಟು ಜ್ಞಾಪಕ ತಲೆಗಿಲ್ಲ. ನನ್ನ ಮೂಗು ನನ್ನನ್ನು ಹತ್ತು ವರ್ಷ ಹಿಂದಕ್ಕೆ, ಕಾಪುವಿಗೆ ಕರೆದುಕೊಂಡು ಹೋಗಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಆ ಕಡಲತಡಿಯ ಊರಿನ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಹೋದೆ. ಹೊಳೆನರಸೀಪುರದ ಪಕ್ಕದ ನಮ್ಮ ಹಳ್ಳಿಯಿಂದ ಅಷ್ಟು ದೂರ ನೌಕರಿಗೆ ಹೋದ ಹೆಣ್ಣುಮಗಳು ನಾನೇ ಮೊದಲು. ಅದರ ಜಂಬ ಸರಿಯಾಗಿ ಒಂದು ವಾರ ಬಾಳಿತು. ಎಂಟನೇ ದಿನ ಮನೆಗೆ ಕಾಗದ ಬರೆದೆ: ಒಬ್ಬಳಿಗೇ ಭಯವಾಗುತ್ತದೆ, ಕೆಲಸ ಬಿಟ್ಟು ಬರುತ್ತೇನೆ.

ಉತ್ತರವಾಗಿ ಕಾಗದ ಬರಲಿಲ್ಲ, ನಾಗತ್ತೆ ಬಂದಳು. ನಮ್ಮಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲೇ ಇದ್ದವಳು. ಹೆಗಲಿಗೊಂದು ರಾಗಿ ಹಿಟ್ಟಿನ ಚೀಲ ಹಾಕಿಕೊಂಡು ಬಸ್ಸಿಳಿದವಳೇ, "ಸರ್ಕಾರಿ ಕೆಲ್ಸ ಬುಟ್ಟು ಬತ್ತಾಳಂತೆ! ನಡಿ, ನಾನಿರ್ತೀನಿ," ಅಂದಳು.

ಕಾಪು ಎಂಥ ಊರು ಅಂತೀರಿ? ಹೆದ್ದಾರಿಯ ಮೇಲೆ ಹೋಗುವವರಿಗೆ ಅದು ನಾಲ್ಕು ಅಂಗಡಿ, ಒಂದು ಬಸ್ ಸ್ಟಾಪು. ಪಡುವಣಕ್ಕೆ ತಿರುಗಿ ನಡೆದರೆ ಮಾತ್ರ ಊರು ತನ್ನನ್ನು ತೋರಿಸಿಕೊಳ್ಳುತ್ತದೆ. ಮನೆಮನೆಗೂ ಬಸಳೆ ಚಪ್ಪರ, ಅಂಗಳದಲ್ಲಿ ಒಣಗುವ ಬಲೆ, ಮಧ್ಯಾಹ್ನ ಊಟವಾದ ಮೇಲೆ ಇಡೀ ಬೀದಿಗೆ ಹತ್ತುವ ಜೊಂಪು. ಸಂಜೆಯಾದರೆ ಹೋಟೆಲಿನ ಬಾಣಲೆಯಲ್ಲಿ ಗೋಳಿಬಜೆ ತೇಲುತ್ತಿತ್ತು. ಕೊನೆಗೆ ಕಡಲು. ಅದರ ಅಂಚಿನ ದೊಡ್ಡ ಬಂಡೆಯ ಮೇಲೆ ದೀಪಸ್ತಂಭ. ಒಳಗಿನ ಸುತ್ತುಮೆಟ್ಟಿಲು ಹತ್ತಿ ಮೇಲೆ ನಿಂತರೆ ಒಂದು ಕಡೆ ಬರೀ ನೀಲಿ, ಇನ್ನೊಂದು ಕಡೆ ಬರೀ ತೆಂಗು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವಾಗಲೂ "ಕುಳಿತುಕೊಳ್ಳಿ ಟೀಚರ್" ಎಂದು ಪುಸ್ತಕದಂಥ ಕನ್ನಡ ಮಾತಾಡುವ ಜನ. ಅವರ ಮುಂದೆ ಕನ್ನಡ ಟೀಚರಾದ ನನ್ನ ಕನ್ನಡವೇ ಮೊಂಡಾಗಿ ಕೇಳುತ್ತಿತ್ತು.

ನಮ್ಮ ಮನೆಯೊಡತಿ ಕಮಲಕ್ಕ ಮೀನುಗಾರರ ಪೈಕಿ. ಆಕೆಯ ಗಂಡ ಸದಾನಂದಣ್ಣ ಬೆಳಗಿನ ಜಾವ ದೋಣಿಯಲ್ಲಿ ಹೋದರೆ ಮಧ್ಯಾಹ್ನದ ಹೊತ್ತಿಗೆ ವಾಪಸು. ಅತ್ತೆಗೂ ಕಮಲಕ್ಕನಿಗೂ ಮೂರೇ ದಿನಕ್ಕೆ ನಂಟು ಬೆಳೆಯಿತು. ಮೊದಲ ಸಲ ಮುದ್ದೆ ತಿಂದ ಕಮಲಕ್ಕ ಅದನ್ನು ಅಗಿದೇ ಅಗಿದರು. "ಅಗೀಬ್ಯಾಡ ಕಣವ್ವ, ನುಂಗು!" ಎಂದು ಅತ್ತೆ ಕೂಗಿಕೊಂಡಳು. ಕಮಲಕ್ಕ ಕಣ್ಣು ಮುಚ್ಚಿ ನುಂಗಿ, "ಅಯ್ಯೋ ಮಾರಾಯ್ತಿ, ಎಲ್ಲಿಗೆ ಹೋಯ್ತು ಅಂತ ಗೊತ್ತೇ ಆಗ್ಲಿಲ್ಲ," ಅಂದರು.

ಆದರೆ ಅತ್ತೆ ಕಡಲು ನೋಡಲು ಒಲ್ಲಳು. ಒಂದು ಭಾನುವಾರ ಬಲವಂತ ಮಾಡಿ ರಸ್ತೆಯ ಕೊನೆತನಕ ಕರೆದುಕೊಂಡು ಹೋದೆ. ಅಲ್ಲಿದ್ದ ಕಟ್ಟೆಯ ಮೇಲೆ ಕಡಲಿಗೆ ಬೆನ್ನು ಹಾಕಿ, ಊರಿನ ಕಡೆ ಮುಖ ಮಾಡಿ ಕೂತಳು. "ಏಟ್ ನೀರಿದ್ರೇನು? ಒಂದು ತೆಂಗಿನ್ ಬುಡುಕ್ಕೆ ಬುಡಂಗಿಲ್ಲ," ಅಂದಳು. ನಾನು ನಕ್ಕೆ. ಸೂರ್ಯಾಸ್ತದ ಬಗ್ಗೆ ಪಾಠ ಬೇರೆ ಮಾಡಿದೆ. ಹೊಸ ಟೀಚರ್ ನೋಡಿ, ಯಾರು ಸಿಕ್ಕರೂ ಪಾಠವೇ.

ದೀಪಾವಳಿ ಹತ್ತಿರವಿದ್ದ ಒಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಗಾಳಿ ಎದ್ದಿತು. ಶಾಲೆ ಬಿಟ್ಟು ಬಂದರೆ ಮನೆಗೆ ಬೀಗ. ಎಲ್ಲ ದೋಣಿಗಳೂ ಬಂದಿವೆ, ಸದಾನಂದಣ್ಣನದು ಬಂದಿಲ್ಲ ಎಂದು ಎದುರುಮನೆಯವರು ಹೇಳಿದರು. ಕಡಲಿಗೆ ಓಡಿದೆ. ದಡದಲ್ಲಿ ಹೆಂಗಸರ ಗುಂಪು. ಅದರ ಮುಂದೆ, ಅಲೆ ಬಂದು ತಾಗುವಷ್ಟು ಹತ್ತಿರದಲ್ಲಿ ಕಮಲಕ್ಕ ನಿಂತಿದ್ದರು. ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತವಳು ನಾಗತ್ತೆ.

ಸೀರೆ ಮೊಣಕಾಲತನಕ ಒದ್ದೆಯಾಗಿದ್ದರೂ ಅತ್ತೆ ಕದಲಲಿಲ್ಲ. "ಬತ್ತಾರೆ ಕಣವ್ವ, ಬತ್ತಾರೆ," ಎಂದು ಆಗಾಗ ಅನ್ನುತ್ತಿದ್ದಳು, ಅಷ್ಟೆ. ಹೊತ್ತು ಮುಳುಗುವ ಮುಂಚೆ, ಹುಡುಕಲು ಹೋಗಿದ್ದ ದೋಣಿಯೊಂದು ಸದಾನಂದಣ್ಣನ ದೋಣಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಅವರು ಸೊಂಟಮಟ್ಟದ ನೀರಿಗೆ ಧುಮುಕಿ ಬಂದು, "ಎಂಜಿನ್ ಹಾಳಾಯ್ತು. ಎಂಥಕ್ಕೆ ಇಷ್ಟು ಜನ?" ಎಂದು ನಾಚಿಕೊಂಡರು. ಕಮಲಕ್ಕ ಗಂಡನನ್ನು ತುಳುವಿನಲ್ಲಿ ಬೈದರು, ಅತ್ತರು, ಮತ್ತೆ ಬೈದರು.

ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ಹೇಳಿದಳು. "ನಿಮ್ಮಾವ ಜರ ಬಂದು ಸತ್ತಿದ್ದಲ್ಲ ಕಣೆ. ಎತ್ತು ಒಡ್ಕಂಡು ಒಳೆ ದಾಟಾಕೆ ಓದೋರು ಬರ್ನೇ ಇಲ್ಲ. ಸಿಗಾಗಂಟ ಮೂರ್ ದಿನ ದಡದಾಗೆ ಕುಂತಿದ್ದೆ. ಅಂಗೆ ಮಾಡು, ಇಂಗೆ ಮಾಡು ಅಂತ ಎಲ್ರೂ ಯೇಳಿದ್ರು. ಒಬ್ರೂ ಕೈ ಇಡ್ಕಳ್ಳಿಲ್ಲ."

ಮಕ್ಕಳಿಗೆ ನಿಜ ಹೇಳಬಾರದೆಂದು ಮನೆಯವರು ನನಗೆ ಹೇಳಿದ್ದು ಜ್ವರದ ಕಥೆ. ನೀರು ಕಂಡರೆ ಬೆನ್ನು ತಿರುಗಿಸುತ್ತಿದ್ದ ಹೆಂಗಸು, ನನಗೆ ಭಯವೆಂದು ಕಡಲಿನ ಊರಿಗೆ ಬಂದು ಕೂತಿದ್ದಳು. ಆ ಸಂಜೆ ನಾನು ಯಾವ ಪಾಠವನ್ನೂ ಮಾಡಲಿಲ್ಲ.

ಅತ್ತೆ ಮಾರ್ಚ್ ತನಕ ಇದ್ದಳು. ಸಂಜೆ ಕಮಲಕ್ಕನ ಜೊತೆ ಮರಳಿನ ಮೇಲೆ ಕೂತು, ಕಡಲನ್ನೇ ನೋಡುತ್ತ ಸೊಪ್ಪು ಬಿಡಿಸುತ್ತಿದ್ದಳು. ಅವಳು ನೀರಿನ ಭಯ ಗೆದ್ದುಬಿಟ್ಟಳು ಎಂದೇ ನಾನು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಈವತ್ತು ಬಟ್ಟೆ ಹಿಡಿದು ನಿಂತಾಗ ತಲೆಗೆ ಹೊಳೆಯಿತು: ಊರಿಗೆ ವಾಪಸಾದ ಮೇಲೆ ಅವಳು ಮಾವನನ್ನು ಕೊಂಡೊಯ್ದ ಹೇಮಾವತಿ ಹೊಳೆಯ ಕಡೆ ಹೋಗಿದ್ದನ್ನು ನಾನು ನೋಡಿಯೇ ಇಲ್ಲ. ಕೇಳಿಯೂ ಇಲ್ಲ.

ನಮ್ಮ ಹಳ್ಳಿಗೆ ಹೋಗುವ ಹತ್ತೂವರೆಯ ಬಸ್ಸು ಹಿಡಿದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. "ಹೊಳೆ ಹತ್ರ ಹೋಗಿ ಬರೋಣ ಬಾ ಅತ್ತೆ," ಅಂದೆ. ನನ್ನ ಮುಖವನ್ನೇ ನೋಡಿದಳು. ಮೊರ ಪಕ್ಕಕ್ಕಿಟ್ಟು, ಸೆರಗು ಕೊಡವಿ ಎದ್ದಳು.

ಹೊಳೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಆಮೇಲೆ ಅವಳೇ ಆಚೆ ದಡದ ಕಡೆ ಕೈ ತೋರಿಸಿದಳು.

"ಸಂಜೀಕೆ ಅಲ್ಲಿಂದ್ಲೇ ಸಿಳ್ಳೆ ಆಕೋರು ಕಣೆ ನಿಮ್ಮಾವ. ಅದು ಕೇಳಿದ್ ಮ್ಯಾಲೇಯ ನಾನು ಮುದ್ದೆಗೆ ಎಸರಿಡ್ತಿದ್ದುದ್ದು."

ಹೇಳಿ ನಕ್ಕಳು. ಮಾವನ ವಿಷಯ ಹೇಳಿ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಇದೇ ಮೊದಲು.