ಮರದ ಮನೆಯ ವಿಧುರನ ಕಲ್ಯಾಣ

ಕೆಟ್ಟ ಪುಸ್ತಕಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಜೂನಿಯರ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳಿಗೆ ಅದು ತಪ್ಪಿದ್ದಲ್ಲ. ಆದರೆ ಒಂದೇ ಕಥೆಯನ್ನು ಹತ್ತಾರು ಸಲ ಬರೆದು, ಬೇರೆ ಬೇರೆ ರಟ್ಟು ಹಾಕಿ ಮಾರುವ ಭಂಡ ಧೈರ್ಯವನ್ನು ನೋಡಿದ್ದು ಒಂದೇ ಕಡೆ. ನಮ್ಮ ಕೆಳಗಿನ ಮನೆಯ ಮಂಗಳೂರಿನ ಕ್ರಿಶ್ಚಿಯನ್ ಆಂಟಿ ವಡಾಲ ಬಿಟ್ಟು ಮಗಳ ಮನೆಗೆ ಹೋಗುವಾಗ ನಮ್ಮ ಬಾಗಿಲಲ್ಲಿಟ್ಟು ಹೋದ ಪುಸ್ತಕದ ಪೆಟ್ಟಿಗೆಯಲ್ಲಿ.

ರಟ್ಟಿನ ಮೇಲೆಲ್ಲ ಅದೇ ಚಿತ್ರ: ಗೋಧಿಯ ಹೊಲ, ಹಿಂದೆ ಮರದ ದಿಮ್ಮಿಗಳ ಮನೆ, ಮುಂದೆ ತಲೆಗೆ ಬಿಳಿ ಟೋಪಿ ಕಟ್ಟಿಕೊಂಡು ಆಕಾಶ ನೋಡುವ ಹುಡುಗಿ. ಪೆಟ್ಟಿಗೆಯನ್ನು ರದ್ದಿಯವನಿಗೆ ಹಾಕಲು ಎತ್ತಿಟ್ಟಿದ್ದೆ. ಅವ್ವ ತಡೆದಳು. ಇಂಗ್ಲಿಷಿನ ಒಂದಕ್ಷರ ಬಾರದ ಅವಳು ಒಂದೊಂದೇ ಪುಸ್ತಕ ತೆಗೆದು ನೋಡಿ, ಇವರೆಲ್ಲ ತಲೆ ತುಂಬ ಸೆರಗು ಹೊದ್ದ ಮರ್ಯಾದಸ್ಥರ ಹೆಣ್ಣುಮಕ್ಕಳು, ಟಿವಿಯಲ್ಲಿ ಬರುವವರ ಹಾಗಲ್ಲ ಎಂದು ತೀರ್ಪು ಕೊಟ್ಟಳು. ಅಲ್ಲಿಗೆ ಭಾನುವಾರ ಊಟವಾದ ಮೇಲೆ ಆ ಪುಸ್ತಕಗಳನ್ನು ಕನ್ನಡದಲ್ಲಿ ಓದಿ ಹೇಳುವ ಕೆಲಸ ನನ್ನ ತಲೆಗೆ ಬಂತು.

ಕಥೆ ಏನೆಂದರೆ, ಅಮೆರಿಕದಲ್ಲಿ ಇನ್ನೂ ಕಾಡು ಕಡಿದು ಊರು ಮಾಡುತ್ತಿದ್ದ ಕಾಲ. ಹಡಗಿನಿಂದ ಇಳಿದ ಹುಡುಗಿಯ ಅಪ್ಪ ಎರಡನೇ ಅಧ್ಯಾಯದೊಳಗೆ ಜ್ವರ ಬಂದು ಸಾಯುತ್ತಾನೆ. ಅಷ್ಟರಲ್ಲಿ ಎಲ್ಲಿಂದಲೋ ಅಗಲ ಭುಜದ ವಿಧುರನೊಬ್ಬ ಹಾಜರಾಗುತ್ತಾನೆ. ಅವನಿಗೆ ಇಬ್ಬರು ಮಕ್ಕಳು, ಒಂದು ಹಸು, ದೇವರ ಮೇಲೆ ಸಿಟ್ಟು. ಹುಡುಗಿ ಅವನ ಮನೆ ನೋಡಿಕೊಳ್ಳಲು ನಿಲ್ಲುತ್ತಾಳೆ. ಹಿಮ ಬೀಳುತ್ತದೆ, ಮಗುವಿಗೆ ಜ್ವರ ಬರುತ್ತದೆ, ಇಬ್ಬರೂ ಮಂಡಿಯೂರಿ ಪ್ರಾರ್ಥಿಸುತ್ತಾರೆ, ಮಗು ಕಣ್ಣು ಬಿಡುತ್ತದೆ, ವಿಧುರನ ಸಿಟ್ಟು ಕರಗುತ್ತದೆ, ಕೊನೆಯ ಅಧ್ಯಾಯದಲ್ಲಿ ಪಾದ್ರಿ ಮದುವೆ ಮಾಡಿಸುತ್ತಾನೆ. ಮುತ್ತು ಒಂದೇ, ಅದೂ ಪಾದ್ರಿಯ ಅಪ್ಪಣೆಯಾದ ಮೇಲೆ. ಆ ನೆಲದ ಮೂಲದವರು ಕಾಡಿನ ಅಂಚಿನಲ್ಲಿ ಒಮ್ಮೆ ಕಾಣಿಸಿಕೊಂಡು, ತೊಗಲು ಮಾರಿ, ಲೇಖಕಿಗೆ ಏನೂ ತೊಂದರೆ ಕೊಡದೆ ಹೊರಟುಹೋಗುತ್ತಾರೆ. ಹತ್ತಿ ಬೆಳೆಯುವ ಸೀಮೆಯ ಕಥೆಯಾದರೆ ಹತ್ತಿ ತನ್ನಷ್ಟಕ್ಕೆ ತಾನೇ ಗಿಡದಿಂದಿಳಿದು ಮೂಟೆ ಸೇರುತ್ತದೆ; ಅದನ್ನು ಬಿಡಿಸಿದ ಗುಲಾಮರ ಸುದ್ದಿ ಒಂದು ಸಾಲಿನಲ್ಲೂ ಇಲ್ಲ. ದೇವರಿಗಂತೂ ಮದುವೆ ದಲ್ಲಾಳಿಯ ಕೆಲಸ ಬಿಟ್ಟು ಬೇರೆ ಉದ್ಯೋಗವೇ ಇಲ್ಲ. ಲೇಖಕಿಯರು ಕೊನೆಯ ಪುಟದಲ್ಲಿ ಮೊದಲು ಆ ದೇವರಿಗೆ, ಆಮೇಲೆ ಗಂಡನಿಗೆ, ಆಮೇಲೆ ಏಜೆಂಟನಿಗೆ ಕೃತಜ್ಞತೆ ಹೇಳುತ್ತಾರೆ. ಕಥೆ ಬರೆದುಕೊಟ್ಟದ್ದು ಈ ಮೂವರಲ್ಲಿ ಯಾರೆಂದು ಮಾತ್ರ ತಿಳಿಯುವುದಿಲ್ಲ. ಇದನ್ನು ಕೇಳಿ ಕಣ್ಣೊರೆಸಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಣ್ಣೊರೆಸಿಕೊಳ್ಳುವವರು ನಮ್ಮ ಹಾಲ್‌ನಲ್ಲೇ ಇಬ್ಬರಿದ್ದರು. ಒಬ್ಬಳು ಅವ್ವ, ಇನ್ನೊಬ್ಬರು ಎದುರುಮನೆಯ ಉಡುಪಿಯವರು. ಅವರ ಗಂಡ ಮಾಟುಂಗದ ಹೋಟೆಲೊಂದರಲ್ಲಿ ಮ್ಯಾನೇಜರ್, ಭಾನುವಾರ ಮನೆಯಲ್ಲಿರುತ್ತಿರಲಿಲ್ಲ. ಅವ್ವ ಧಾರವಾಡದವಳು, ಶ್ರಾವಣದಲ್ಲಿ ಮಠದ ಪುರಾಣ ಕೇಳಿ ಬೆಳೆದವಳು. ಅಲ್ಲಿ ಪುರಾಣದೊಳಗೆ ಮಗು ಹುಟ್ಟಿದ ದಿನ ಹೆಂಗಸರು ನಿಜವಾದ ತೊಟ್ಟಿಲು ಕಟ್ಟಿ ತೂಗುತ್ತಾರೆ. ಮದುವೆಯ ದಿನ ಅಕ್ಷತೆಯ ಅಕ್ಕಿಕಾಳು ಹಾಕಿ ಸಿಹಿ ಹಂಚುತ್ತಾರೆ. ಹೇಳುವುದು ಪುರಾಣವಾದರೇನು, ಅಮೆರಿಕದ ಕಾದಂಬರಿಯಾದರೇನು, ಅವ್ವನಿಗೆ ಶಾಸ್ತ್ರ ಒಂದೇ. ಹಿಮದಲ್ಲಿ ಹೂತ ಮನೆಯಲ್ಲಿ ಒಬ್ಬಳು ಹೆತ್ತಳೆಂದು ಓದಿದ ಭಾನುವಾರ ನಮ್ಮ ಮನೆಯಲ್ಲಿ ತೊಟ್ಟಿಲ ಶಾಸ್ತ್ರಕ್ಕೆ ಹಂಚುವ ಕಾಳಿನ ಗುಗ್ಗರಿ ಬೆಂದಿತ್ತು. ಪುರಾಣದ ನಡುವೆ ಮಾಂಸದ ಮಾತು ಬರಬಾರದೆಂಬ ಅಪ್ಪಣೆಯೂ ಇತ್ತು. ಹಾಗಾಗಿ ವಿಧುರ ಹೊಡೆದು ತಂದ ಜಿಂಕೆಯನ್ನು ನಾನು ಬದನೆಕಾಯಿ ಮಾಡುತ್ತಿದ್ದೆ, ಹಂದಿಯ ಕೊಬ್ಬನ್ನು ಬೆಣ್ಣೆ ಮಾಡುತ್ತಿದ್ದೆ. ಬದನೆಕಾಯಿ ತರಲು ಬಂದೂಕು ಯಾಕೆ ಎಂದು ಇಬ್ಬರೂ ಕೇಳಲಿಲ್ಲ.

ಇಷ್ಟೇ ಆಗಿದ್ದರೆ ಮೂಗು ಮುರಿದು ಸುಮ್ಮನಿರುತ್ತಿದ್ದೆ. ಆದರೆ ಆ ಮಳೆಗಾಲದಲ್ಲಿ ತಂಗಿಗೆ ಒಂದು ಸಂಬಂಧ ಬಂತು. ಅವಳಿಗೆ ನಲವತ್ತಾಗುತ್ತ ಬಂದಿತ್ತು. ಅಂಧೇರಿಯ ಆಫೀಸಿನಲ್ಲಿ ಕೆಲಸ, ದಿನಾ ಲೋಕಲ್ ರೈಲಿನ ಓಡಾಟ, ಮಾತು ಕಡಿಮೆ. ನಾನು ಓದುವಾಗ ಮೂಲೆಯಲ್ಲಿ ಬಟ್ಟೆ ಮಡಚುತ್ತ ಕೂತಿರುತ್ತಿದ್ದಳು. ಗಂಡು ಬೆಳಗಾವಿ ಕಡೆಯವನು, ಅಂಧೇರಿಯಲ್ಲಿ ಬಟ್ಟೆ ಅಂಗಡಿ. ಹೆಂಡತಿ ತೀರಿಕೊಂಡಿದ್ದಳು, ಇಬ್ಬರು ಹೆಣ್ಣುಮಕ್ಕಳು. ಅವ್ವನಿಗೆ ಹಿಡಿಸಲಾರದಷ್ಟು ಖುಷಿ. ಅಷ್ಟೂ ಪುಸ್ತಕಗಳಲ್ಲಿ ಆದದ್ದು ಇದೇ ತಾನೇ, ಮೊದಲು ಮನೆ ಸಂಭಾಳಿಸಿದರೆ ಪ್ರೀತಿ ಹಿಂದಿನಿಂದ ತಾನಾಗಿ ಬರುತ್ತದೆ ಎಂದು ಉಡುಪಿಯವರ ಮುಂದೆ ವಾದಿಸುತ್ತಿದ್ದಳು.

ಹಿಂದಿನಿಂದ ಏನು ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಮೂರು ವರ್ಷ ಒಬ್ಬನ ಮನೆ ಸಂಭಾಳಿಸಿ, ಅವನ ಮತ್ತು ಅವನ ತಾಯಿಯ ಬೈಗುಳ ತಿಂದು, ಸೂಟ್‌ಕೇಸ್ ಹಿಡಿದು ವಡಾಲಕ್ಕೆ ವಾಪಸಾದವಳು ನಾನು. ಈ ಬಟ್ಟೆ ಅಂಗಡಿಯವನಿಗೆ ಬೇಕಾದದ್ದು ಸಂಬಳವಿಲ್ಲದ ಕೆಲಸದವಳು ಎಂದು ಅವನ ಮುಖ ನೋಡದೆಯೇ ನನಗೆ ಖಾತ್ರಿಯಾಗಿತ್ತು. ತಂಗಿ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಕಾದು ಕಾದು ಅವ್ವ ತಾನೇ ಒಂದು ಮುಹೂರ್ತ ಇಟ್ಟಳು. ಪುರಾಣದ ಮದುವೆಯ ದಿನ ಎದುರಿಗೆ ಕೂತ ಹೆಣ್ಣಿಗೆ ಅಕ್ಕಿಕಾಳು ಬಿದ್ದರೆ ಅವಳಿಗೂ ಕಂಕಣಬಲ ಕೂಡಿಬರುತ್ತದೆಂಬುದು ಅವಳ ನಂಬಿಕೆ. ಆಗ ಓದುತ್ತಿದ್ದ ಪುಸ್ತಕದಲ್ಲಿ ಉಳಿದದ್ದು ಒಂದೇ ಅಧ್ಯಾಯ. ಅದರಲ್ಲಿ ಏನಿರುತ್ತದೆಂದು ಅವಳಿಗೂ ಬಾಯಿಪಾಠವಾಗಿತ್ತು. ಮುಂದಿನ ಭಾನುವಾರ ತಂಗಿ ಹೊಸ ಸೀರೆ ಉಟ್ಟು ಮಣೆಯ ಮೇಲೆ ಕೂರಬೇಕು, ಅಧ್ಯಾಯ ಮುಗಿದೊಡನೆ ಅವಳ ತಲೆಗೆ ಅಕ್ಕಿಕಾಳು ಹಾಕಿ ಗಂಡಿನ ಮನೆಗೆ ಒಪ್ಪಿಗೆಯ ಫೋನ್ ಮಾಡಬೇಕು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾರೋ ಬರೆದ ಹಸಿ ಸುಳ್ಳನ್ನು ನಂಬಿ ನನ್ನ ತಂಗಿಯನ್ನು ಧಾರೆಯೆರೆದು ಕೊಡಲು ಹೊರಟಿದ್ದಳು ಅವ್ವ.

ಭಾನುವಾರ ಶಿರಾ ತಯಾರಾಗಿತ್ತು, ಅರಿಶಿನ ಕಲಸಿದ ಅಕ್ಕಿ ಬಟ್ಟಲಲ್ಲಿತ್ತು, ತಂಗಿ ಮರುಮಾತಾಡದೆ ಹೊಸ ಸೀರೆಯಲ್ಲಿ ಬಂದು ಕೂತಿದ್ದಳು. ನಾನು ಓದತೊಡಗಿದೆ. ಪಾದ್ರಿ ಬಂದ, ಊರವರು ಸೇರಿದರು, ಒಪ್ಪಿಗೆಯೇ ಎಂದು ಪಾದ್ರಿ ಹುಡುಗಿಯನ್ನು ಕೇಳಿದ. ಜಿಂಕೆಯನ್ನು ಬದನೆಕಾಯಿ ಮಾಡಿದವಳಿಗೆ ಒಂದು ಮದುವೆ ಮುರಿಯುವುದೇನು ಮಹಾ? ಪುಟದಿಂದ ಕಣ್ಣೆತ್ತದೆ ಹೇಳಿದೆ: ಹುಡುಗಿ ಒಲ್ಲೆ ಎಂದಳು. ನಿನಗೆ ಬೇಕಾದದ್ದು ಹೆಂಡತಿಯಲ್ಲ, ಕೆಲಸದವಳು ಎಂದು ವಿಧುರನ ಮುಖಕ್ಕೇ ಹೇಳಿ, ತಲೆಯ ಟೋಪಿ ಬಿಚ್ಚಿ ಬಿಸಾಡಿ, ದೋಣಿ ಹತ್ತಿ ಬಂದರಿನ ಪಟ್ಟಣಕ್ಕೆ ಹೋಗಿ, ಶಾಲೆ ತೆರೆದು ಒಬ್ಬಳೇ ಸುಖವಾಗಿದ್ದಳು. ಹೇಳುತ್ತ ಹೇಳುತ್ತ ನನಗೆ ಹುಮ್ಮಸ್ಸು ಬಂತು. ಆ ಲೇಖಕಿಗಿಂತ ನಾನೇ ಚೆನ್ನಾಗಿ ಬರೆಯುತ್ತಿದ್ದೆ.

ಅವ್ವ ಅಕ್ಕಿಕಾಳನ್ನು ಮುಷ್ಟಿಯಲ್ಲಿ ಹಿಡಿದು ಹಾಗೇ ಉಳಿದಳು. ಇಂಥ ಅಪಶಕುನದ ಮುಕ್ತಾಯವನ್ನು ತಾನು ಯಾವ ಪುರಾಣದಲ್ಲೂ ಕೇಳಿಲ್ಲ ಎಂದಳು.

"ಹಾಗಾದ್ರೆ ಆ ಮಕ್ಕಳದ್ದು ಎಂತ ಕಥೆ ಮಾರಾಯ್ರೆ?" ಎಂದು ಉಡುಪಿಯವರು ಕೇಳಿದರು. ಮಕ್ಕಳನ್ನು ಎಲ್ಲಿ ಬಿಡಬೇಕೆಂದು ನಾನು ಯೋಚಿಸಿರಲಿಲ್ಲ.

ತಂಗಿ ಎದ್ದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಳು. "ಆಕಿ ಹೂಂ ಅಂದಾಳ ಅವ್ವಾ. ನಾ ಲೋಕಲ್‌ನಾಗ ಓದಿ ಮುಗಿಸೇನಿ."

ಅವ್ವನ ಮುಖ ಅರಳಿತು, ಮುಷ್ಟಿ ಮೇಲೆದ್ದಿತು. ತಂಗಿ ಅದನ್ನು ಅಲ್ಲೇ ಹಿಡಿದಳು.

"ಅಕ್ಕಿಕಾಳು ಹಾಕಬ್ಯಾಡ. ಅಕ್ಕಾ, ನೀನೂ ನನ್ನ ದೋಣಿ ಹತ್ತಿಸಬ್ಯಾಡ. ನಿನಗೇನು ಬೇಕಂತ ಇಬ್ಬರೊಳಗ ಒಬ್ಬರರೆ ನನ್ನ ಕೇಳೀರೇನು?"

ಆಮೇಲೆ ನಿಧಾನವಾಗಿ ಹೇಳಿದಳು. ಆಫೀಸು ಬಿಟ್ಟ ಮೇಲೆ ಆ ಬಟ್ಟೆ ಅಂಗಡಿಯವನೊಡನೆ ಕೆಲವು ಸಲ ಚಹಾ ಕುಡಿದಿದ್ದಳಂತೆ. ಅವನು ತೀರಿಕೊಂಡ ಹೆಂಡತಿಯ ಮಾತನ್ನೇ ಆಡಿದನಂತೆ, ಆಡುತ್ತ ಆಡುತ್ತ ಗಂಟಲು ಕಟ್ಟಿ ಸುಮ್ಮನಾದನಂತೆ. ಅದು ಅವಳಿಗೆ ಹಿಡಿಸಿತಂತೆ. ಈಗ ಅವನ ಮಕ್ಕಳನ್ನು ನೋಡಲು ಹೊರಟಿದ್ದಳು. ಹೊಸ ಸೀರೆ ಉಟ್ಟದ್ದು ಅದಕ್ಕೆ. ಆ ಹುಡುಗಿಯರಿಗೆ ತಾನು ಬೇಡವಾದರೆ ತನಗೂ ಬೇಡ ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಸತ್ತ ಹೆಂಡತಿಯ ಹೆಸರು ಹೇಳಿ ಗಂಟಲು ಕಟ್ಟಿಸಿಕೊಳ್ಳುವ ಗಂಡಸು ಆ ಪೆಟ್ಟಿಗೆಯ ಪ್ರತಿ ಪುಸ್ತಕದಲ್ಲೂ ಇದ್ದಾನೆ, ಓದಿ ಓದಿ ನಿನಗೂ ತಲೆ ಕೆಟ್ಟಿದೆ ಎಂದೆ. ಪುಸ್ತಕಗಳೂ ಒಂದೇ, ಗಂಡಸರೂ ಒಂದೇ ಎಂದೆ.

ತಂಗಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ದನಿ ಏರಿಸಲಿಲ್ಲ.

"ನಿನ್ನ ಗಂಡ ಹಂಗಿದ್ದ ಅಕ್ಕಾ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನೀ ಅವನೊಬ್ಬನ್ನ ಓದಿ, ಎಲ್ಲಾರನ್ನೂ ಓದೀನಿ ಅಂತಿ."

ಅಂಧೇರಿ ಲೋಕಲ್‌ಗೆ ಹೊತ್ತಾಗಿತ್ತು, ಅವಳು ನಿಲ್ಲಲಿಲ್ಲ.