ಮೈಕ್ರೋಸ್ಕೋಪಿನಡಿ ಅಕ್ಕ

ಅಕ್ಕನ ಗಡ್ಡೆ ಫಾರ್ಮಲಿನ್ ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನನ್ನ ಮೇಜಿಗೆ ಬಂದಾಗ ನಾನಿನ್ನೂ ಬೆಳಗಿನ ಚಹಾ ಕುಡಿದಿರಲಿಲ್ಲ. ವಿಜಯಪುರದ ಒಂದು ಆಸ್ಪತ್ರೆಯಲ್ಲಿ ನಾನು ಪೆಥಾಲಜಿ ಡಾಕ್ಟರು. ರೋಗಿಗಳ ಮುಖ ನೋಡುವುದು ಕಡಿಮೆ. ಆಪರೇಷನ್ನಿನಲ್ಲಿ ತೆಗೆದ ಭಾಗವನ್ನು ಕೊಯ್ದು, ಅದರ ತೆಳು ಪದರಕ್ಕೆ ಬಣ್ಣ ಹಾಕಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಇದು ಇಂಥ ರೋಗ ಎಂದು ಹೇಳುವುದು ನನ್ನ ಕೆಲಸ. ಡಬ್ಬಿ ಬರುತ್ತದೆಂದು ಗೊತ್ತಿತ್ತು. ಹಿಂದಿನ ದಿನ ಥಿಯೇಟರಿನ ಹೊರಗೆ ಕಾಯುತ್ತ ಕೂತವಳೂ ನಾನೇ.

ಅಕ್ಕನನ್ನು ತಿಕೋಟಾಕ್ಕೆ ಕೊಟ್ಟಿದ್ದರು. ಅಲ್ಲಿ ಅವರದು ದ್ರಾಕ್ಷಿ ತೋಟ. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿನ ಉಸ್ತುವಾರಿಯೆಲ್ಲ ಅವಳದೇ. ಮಣೂಕದ ಹಂಗಾಮಿನಲ್ಲೇ ಒಂದು ದಿನ ಫೋನ್ ಮಾಡಿದ್ದಳು.

"ಹೊಟ್ಟಿ ಉಬ್ಬಿದಂಗ ಆಗಾಕತ್ತೈತಿ. ಎರಡು ತುತ್ತು ಉಂಡ್ರ ತುಂಬಿಬಿಡತೈತಿ. ಲಂಗದ ಲಾಡಿ ಕಟ್ಟಾಕ ಬರವಲ್ದು. ಗ್ಯಾಸಿನ ಗುಳಗಿ ತಗೊಂಡೆ, ಏನೂ ಆಗಲಿಲ್ಲ."

"ನಾಳಿ ಬಾ, ಸ್ಕ್ಯಾನ್ ಮಾಡಸೂಣು," ಎಂದೆ.

ಸ್ಕ್ಯಾನಿನಲ್ಲಿ ಎರಡೂ ಅಂಡಾಶಯಗಳಲ್ಲಿ ಗಡ್ಡೆ, ಹೊಟ್ಟೆಯಲ್ಲಿ ನೀರು ಕಂಡವು. ಜನ ಒಂದೇ ಹೆಸರಿನಿಂದ ಕರೆದರೂ ಅಂಡಾಶಯದ ಕ್ಯಾನ್ಸರ್ ಒಂದೇ ರೋಗವಲ್ಲ. ಗರ್ಭಕೋಶದ ಒಳಪದರದಂಥ ಜೀವಕೋಶಗಳು ಇರಬಾರದ ಜಾಗದಲ್ಲಿ ಬೇರುಬಿಟ್ಟು, ಅವುಗಳಿಂದ ಹುಟ್ಟುವಂಥವು ಕೆಲವು. ಲೋಳೆ ತುಂಬಿಕೊಂಡು ದೊಡ್ಡದಾಗುವುದು ಇನ್ನೊಂದು. ಅದು ಎಷ್ಟೋ ಸಲ ಹಬ್ಬುವ ಮೊದಲೇ ಸಿಗುತ್ತದೆ. ಸೀರಸ್ ಎಂಬ ಜಾತಿಯಲ್ಲೇ ನಿಧಾನದ್ದೊಂದು, ಉಗ್ರವಾದದ್ದೊಂದು. ಅವೆರಡರ ಹೆಸರು ಹತ್ತಿರ, ಸ್ವಭಾವ ಬೇರೆ, ಒಳಗೆ ಕೆಟ್ಟ ಜೀನ್‌ಗಳೂ ಬೇರೆ. ಅಕ್ಕನದು ಆ ಉಗ್ರವಾದದ್ದು ಮಾತ್ರ ಆಗದಿರಲಿ ಎಂದು ಬಯಸಿದ್ದೆ. ಹೊಟ್ಟೆಯ ನೀರು ನೋಡಿದ ಮೇಲೆ ಆ ಬಯಕೆಗೂ ಬಲವಿರಲಿಲ್ಲ.

ಡಬ್ಬಿ ಬಂದ ಆ ಬೆಳಿಗ್ಗೆ ನಮ್ಮ ವಿಭಾಗದ ಹಿರಿಯ ಡಾಕ್ಟರು ಬಾಗಿಲಲ್ಲಿ ನಿಂತರು. "ಇದನ್ನ ನೀವು ನೋಡಬ್ಯಾಡ್ರಿ. ಮನಿಗೆ ಹೋಗ್ರಿ."

"ನೋಡ್ತೀನ್ರಿ ಸರ್. ರಿಪೋರ್ಟಿಗೆ ಸಹಿ ನೀವು ಮಾಡ್ರಿ."

ಅವರು ಹೋಗಲಿಲ್ಲ. ಕೈಗವಸು ಹಾಕಿಕೊಂಡು ಅವರೇ ಕೊಯ್ದರು, ನಾನು ಪಕ್ಕದಲ್ಲಿ ನಿಂತು ಅಳತೆ ಹೇಳಿದೆ. ನನ್ನ ದನಿ ದಿನನಿತ್ಯದಂತೆಯೇ ಇತ್ತು.

ಸ್ಲೈಡುಗಳು ತಯಾರಾದ ದಿನ ಇಬ್ಬರೂ ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪಿಗೆ ಕೂತೆವು. ಒಂದರಂತೆ ಒಂದಿಲ್ಲದ ದೊಡ್ಡ ದೊಡ್ಡ ಕೋಶಕೇಂದ್ರಗಳು, ಎಲ್ಲೆಂದರಲ್ಲಿ ಒಡೆದು ಎರಡಾಗುತ್ತಿರುವ ಕೋಶಗಳು. ಪಿ53 ಎಂಬ ಪ್ರೋಟೀನನ್ನು ತೋರಿಸುವ ಬಣ್ಣ ಹಾಕಿದ ಸ್ಲೈಡಿನಲ್ಲಿ ಗಡ್ಡೆಯ ಪ್ರತಿಯೊಂದು ಕೋಶಕೇಂದ್ರವೂ ಕಡು ಕಂದು. ಕೋಶದ ಬೆಳವಣಿಗೆಗೆ ಲಗಾಮು ಹಾಕುವ ಜೀನ್ ಕೆಟ್ಟಿದೆ ಎಂದು ಅದರ ಅರ್ಥ. ಕೊನೆಗೆ ಅಂಡನಾಳದ ತುದಿಯ ಸ್ಲೈಡು. ಜಾಲರಿಯಂತಿರುವ ಆ ತುದಿಯಲ್ಲಿ, ಚಂದದ ಒಂದೇ ಸಾಲಿನ ಕೋಶಗಳ ನಡುವೆ, ಅಂಥವೇ ಕೆಟ್ಟ ಕೋಶಗಳ ಸಣ್ಣ ತುಂಡೊಂದಿತ್ತು. ರೋಗ ಶುರುವಾದದ್ದು ಅಂಡಾಶಯದಲ್ಲಲ್ಲ, ಬಹುಶಃ ಇಲ್ಲಿ. ಪಾಠ ಮಾಡಲು ಇಟ್ಟುಕೊಳ್ಳುವಷ್ಟು ಸ್ಪಷ್ಟವಾಗಿತ್ತು ಸ್ಲೈಡು. ಹಾಗೆ ಅನ್ನಿಸಿದ್ದೂ ನಿಜ.

"ಹೈ ಗ್ರೇಡ್ ಸೀರಸ್," ಎಂದರು ಅವರು.

"ಹೌದ್ರಿ," ಎಂದೆ.

ಆಮೇಲೆ ಕ್ಯಾಂಟೀನಿಗೆ ಹೋಗಿ ಉಪ್ಪಿಟ್ಟು ತಿಂದೆ. ಪೂರ್ತಿ ತಿಂದೆ. ಅಳು ಬರುತ್ತದೆಂದು ಕಾದೆ, ಬರಲಿಲ್ಲ.

ವಾರ್ಡಿನಲ್ಲಿ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. "ಕೆಟ್ಟದ್ದೇನು?" ಎಂದು ಕೇಳಿದಳು.

"ಕೆಟ್ಟದ್ದಽ ಐತಿ. ಆದ್ರ ಕೀಮೋಕ್ಕ ಬಗ್ಗತೈತಿ."

"ನೀನಽ ನೋಡಿದೇನು?"

"ನಾನಽ ನೋಡೀನಿ."

"ಹಂಗಾರ ಖರೇನಽ," ಎಂದು ಹೊದಿಕೆ ಎಳೆದುಕೊಂಡಳು.

ಈ ಜಾತಿಯ ಗಡ್ಡೆಯಿದ್ದವರಿಗೆ ರಕ್ತದಲ್ಲಿ ಬಿಆರ್‌ಸಿಎ ಎಂಬ ಜೀನ್ ಪರೀಕ್ಷೆ ಮಾಡಿಸುತ್ತಾರೆ. ಮಾಡಿಸಿದೆವು. ಹುಟ್ಟಿನಿಂದಲೇ ಅದು ಕೆಟ್ಟಿತ್ತು. ಬಬಲೇಶ್ವರದ ಕಡೆ, ಕಾಖಂಡಕಿಯ ನಮ್ಮ ತವರಿನಲ್ಲಿ, ಅಪ್ಪನ ತಂಗಿ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡಿದ್ದಳು. ಬಸುರಿಯಂತೆ ಕಾಣುತ್ತಿದ್ದ ಅವಳನ್ನು ಆಗ ಚಿಕ್ಕವರಾಗಿದ್ದ ನಾವು ಕೂಸು ಯಾವಾಗ ಬರುತ್ತದೆ ಎಂದು ಕೇಳಿದ್ದೆವು. ಈ ಕೆಟ್ಟ ಜೀನ್ ಗಂಡಸರ ಮೂಲಕವೂ ಸದ್ದಿಲ್ಲದೆ ದಾಟಿ ಬರುತ್ತದೆ.

ನಾನೂ ರಕ್ತ ಕೊಟ್ಟೆ. ನನ್ನಲ್ಲೂ ಇತ್ತು.

ನನ್ನ ಮಗ ಹೈಸ್ಕೂಲಿಗೆ ಬಂದಿದ್ದ. ಇನ್ನೊಂದು ಮಗುವಿನ ಯೋಚನೆ ಇರಲಿಲ್ಲ. ರೋಗ ಬರುವ ಮೊದಲೇ ಎರಡೂ ಅಂಡಾಶಯ, ಅಂಡನಾಳ ತೆಗೆಸಿಕೊಳ್ಳಲು ಒಪ್ಪಿದೆ. ಒಪ್ಪುವಾಗಲೂ ಬೇರೆ ಯಾರದೋ ಕೇಸು ಚರ್ಚಿಸಿದಂತಿತ್ತು. ಅವೂ ಅದೇ ಮೇಜಿಗೆ ಹೋದವು. ಇಂಥವನ್ನು ತುದಿಯಿಂದ ತುದಿಯವರೆಗೆ ಸಣ್ಣಗೆ ಹೆಚ್ಚಿ, ಚೂರೂ ಬಿಡದೆ ನೋಡಬೇಕು. ಹಿರಿಯ ಡಾಕ್ಟರು ನೋಡಿ ನಾನಿದ್ದ ವಾರ್ಡಿಗೆ ಬಂದರು.

"ಎಲ್ಲಾ ಸ್ವಚ್ಛ ಅದ. ನಿಮಗೂ ತೋರಿಸ್ಲೇನು?"

"ಬ್ಯಾಡ್ರಿ ಸರ್," ಎಂದೆ. ಇವತ್ತಿಗೂ ಆ ಸ್ಲೈಡುಗಳನ್ನು ನಾನು ನೋಡಿಲ್ಲ.

ಅಕ್ಕನ ಕೀಮೋ ಮುಗಿಯಿತು, ರೋಗ ಬಗ್ಗಿತು. ಅದೇ ಕೆಟ್ಟ ಜೀನ್ ಇರುವುದರಿಂದಲೇ ಕೆಲಸ ಮಾಡುವ ಗುಳಿಗೆಯೊಂದನ್ನು ಈಗ ತೆಗೆದುಕೊಳ್ಳುತ್ತಾಳೆ. ರೋಗ ಮರಳಬಹುದು ಎಂಬುದು ಇಬ್ಬರಿಗೂ ಗೊತ್ತು. ತಪಾಸಣೆಗೆ ಬಂದಾಗ ಗೋಳಗುಮ್ಮಟದ ಹತ್ತಿರದ ನಮ್ಮ ಮನೆಯಲ್ಲಿ ಉಳಿಯುತ್ತಾಳೆ. ಕಾಲೇಜಿಗೆ ಹೋಗುವ ಅವಳ ಮಗಳು ನಮ್ಮಲ್ಲೇ ಇದ್ದಾಳೆ.

ಒಮ್ಮೆ ಅಕ್ಕ ತಗ್ಗಿದ ದನಿಯಲ್ಲಿ ಕೇಳಿದಳು. "ಈಕಿಗೂ ಬಂದಿರತೈತೇನು?"

"ಬಂದಿರಬಹುದು, ಬರದನೂ ಇರಬಹುದು. ಅರ್ಧಕ್ಕರ್ಧ. ಆಕಿಗೆ ಎಲ್ಲಾ ಹೇಳೀನಿ. ಪರೀಕ್ಷಾ ಮಾಡಿಸ್ಕೊಳ್ಳೂದು ಆಕಿಗೆ ಬಿಟ್ಟದ್ದು."

"ಏನಂದ್ಲು?"

"ಡಿಗ್ರಿ ಮುಗೀಲಿ, ಆಮ್ಯಾಲೆ ನೋಡ್ತೀನಿ ಅಂದಾಳ."

ಚಳಿಗಾಲದ ಸಂಜೆ ಅದು. ಅಂಡಾಶಯ ಹೋದ ಮೇಲೆ ಇಬ್ಬರಿಗೂ ಹೊತ್ತಿಲ್ಲದ ಹೊತ್ತಿನಲ್ಲಿ ಮೈ ಕಾದು ಬೆವರು ಒಡೆಯುತ್ತದೆ. ಫ್ಯಾನ್ ಜೋರಾಗಿ ಹಾಕಿಕೊಂಡು ಕೂತಿದ್ದೆವು. ಹುಡುಗಿ ಶಾಲು ಹೊದ್ದು ಒಳಗೆ ಬಂದವಳು ಫ್ಯಾನ್ ಆರಿಸಿದಳು. ನಮ್ಮಿಬ್ಬರ ಮುಖ ನೋಡಿದಳು. ಮತ್ತೆ ಹಾಕಿ, ತನ್ನ ಪುಸ್ತಕ ತೆಗೆದುಕೊಂಡು ಆಚೆ ಕೋಣೆಗೆ ಹೋದಳು.